ದೇವರಗುಡ್ಡದ ಕಿಂಡಿ

ಒಣಮೆಣಸಿನಕಾಯಿ ಹಾಕಿ ಮಿಕ್ಸರನ್ನು ಸ್ವಲ್ಪ ಹೆಚ್ಚು ಹೊತ್ತು ತಿರುಗಿಸಿದರೆ ಅದರ ಹೊಟ್ಟೆಯೊಳಗಿಂದ ಒಂದು ವಾಸನೆ ಏಳುತ್ತದೆ. ಕಾದ ತಾಮ್ರದ ತಂತಿ, ಸುಡುವುದಕ್ಕೆ ಬಂದ ಎಣ್ಣೆ, ಅದರ ಮೇಲೆ ಖಾರದ ಘಾಟು. ಹಾವೇರಿಯ ಈ ಬಾಡಿಗೆ ಮನೆಯಲ್ಲಿ, ಶಾಲೆಯಿಂದ ದಣಿದು ಬಂದು ಒಲೆಯ ಮುಂದೆ ನಿಂತ ಸಂಜೆಗಳಲ್ಲಿ, ಆ ವಾಸನೆ ಬಂದ ಕೂಡಲೆ ನಾನು ಗುಂಡಿ ಒತ್ತಿ ಮಿಕ್ಸರ್ ನಿಲ್ಲಿಸುತ್ತೇನೆ. ನಿಲ್ಲಿಸಿದ ಮೇಲೂ ವಾಸನೆ ಹೋಗುವುದಿಲ್ಲ. ಬೇರೆಯವರಿಗೆ ಅದು ಮಿಕ್ಸರ್ ಕೆಟ್ಟಿತೆಂಬ ಸೂಚನೆ. ನನಗೆ ಅದು ಬ್ಯಾಡಗಿಯ ನಮ್ಮ ಪಡಸಾಲೆ. ಕಳೆದುಹೋದ ಮನೆಗಳಿಗೆ ಹೀಗೆ ಒಂದೊಂದು ವಾಸನೆ ಇರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮದು ಬೇರೆ ಇದ್ದೀತು, ಸಗಣಿ ಸಾರಿಸಿದ ನೆಲದ್ದೋ, ಹಳೆಯ ಟ್ರಂಕಿನ ಡಾಂಬರು ಗುಳಿಗೆಯದ್ದೋ. ನಮ್ಮ ಮನೆಯದು ಮೆಣಸಿನಕಾಯಿ ಮತ್ತು ಸಣ್ಣ ಮೋಟಾರಿನದು.

ಆ ಮನೆಯಲ್ಲಿ ನಾವು ಎಲ್ಲರೂ ಕೂಡಿ ಇದ್ದೆವು. ಆಯಿ, ಎಂದರೆ ಅಪ್ಪನ ತಾಯಿ. ದೊಡ್ಡಪ್ಪ ವೀರಪ್ಪ, ದೊಡ್ಡವ್ವ. ನನ್ನ ಅಪ್ಪ ಚನ್ನಬಸಪ್ಪ, ಅವ್ವ, ನಾನು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ, ಅದನ್ನು ಯಾರೂ ಮಾತಿಗೆ ತರುತ್ತಿರಲಿಲ್ಲ, ನಾನು ಇಬ್ಬರ ತಾಟಿನಲ್ಲೂ ಉಣ್ಣುತ್ತಿದ್ದೆ. ಪೇಟೆಯಲ್ಲಿ ಅಣ್ಣತಮ್ಮಂದಿರದು ಮೆಣಸಿನಕಾಯಿ ದಲಾಲಿ ಅಂಗಡಿ. ಸುಗ್ಗಿ ಬಂತೆಂದರೆ ಅಂಗಡಿಗೆ ಹಿಡಿಯಲಾರದ ಚೀಲಗಳು ಮನೆಯ ಕಟ್ಟೆ ಏರುತ್ತಿದ್ದವು. ಕೆಂಪು ಧೂಳು ಕಿಟಕಿಯ ಸರಳಿನ ಮೇಲೆ, ದೇವರ ಫೋಟೋದ ಗಾಜಿನ ಮೇಲೆ, ನಮ್ಮ ರೆಪ್ಪೆಯ ಮೇಲೆ ಕೂಡುತ್ತಿತ್ತು. ಹೊಸಬರು ಹೊಸ್ತಿಲು ದಾಟಿದೊಡನೆ ಸೀನುತ್ತಿದ್ದರು. ನಮಗೆ ಸೀನು ಬರುತ್ತಿರಲಿಲ್ಲ. ಬ್ಯಾಡಗಿಯ ಕಾಯಿಯಲ್ಲಿ ಸುಕ್ಕು ಹೆಚ್ಚಿದ್ದು, ದುಂಡಗಿನದು, ಡಬ್ಬಿ. ಉದ್ದ ತೆಳ್ಳಗಿನದು ಕಡ್ಡಿ. ರೈಲಿನ ಬೋಗಿಗೂ ಡಬ್ಬಿಯೇ ಅನ್ನುವುದರಿಂದ ನಮ್ಮ ಮನೆಯಲ್ಲಿ ಎಷ್ಟೋ ಸಲ ಗೊಂದಲವಾಗುತ್ತಿತ್ತು. ಅಪ್ಪ ಉಣ್ಣುತ್ತ ಕೂತು ಸಂಭ್ರಮದಿಂದ “ಹೊಸಾ ಡಬ್ಬಿ ಬಂದಾವು” ಅಂದರೆ ದೊಡ್ಡಪ್ಪ ತುತ್ತು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ, “ತಿನ್ನೂವೋ, ಓಡೂವೋ?” ಎಂದು ಕೇಳುತ್ತಿದ್ದ.

ಅಪ್ಪನಿಗೆ ಆಟದ ರೈಲಿನ ಹುಚ್ಚು ಹತ್ತಿದ್ದು ಮುಂಬೈಯಲ್ಲಿ. ಅಂಗಡಿಯ ಕೆಲಸಕ್ಕೆಂದು ಕಾಯಿಯ ನಮೂನೆ ತೆಗೆದುಕೊಂಡು ಹೋದವನು, ಯಾವುದೋ ಅಂಗಡಿಯ ಗಾಜಿನಾಚೆ ಗೇಣುದ್ದದ ಎಂಜಿನ್ ಒಂದು ತನ್ನ ಪಾಡಿಗೆ ತಾನು ಸುತ್ತು ಹೊಡೆಯುತ್ತಿದ್ದುದನ್ನು ನೋಡಿದ್ದನಂತೆ. ಊರಿಗೆ ಬರುವ ಗಾಡಿ ತಪ್ಪುವ ತನಕ ಅಲ್ಲೇ ನಿಂತಿದ್ದನಂತೆ. ಆಟದ್ದು ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು. “ಆಟದ್ದಲ್ಲವ್ವ, ಖರೇದ್ದ. ಸಣ್ಣದೈತಿ ಅಷ್ಟ” ಅನ್ನುತ್ತಿದ್ದ. ನಮ್ಮ ಪಡಸಾಲೆ ಉದ್ದನೆಯದು, ಅಂಗಳದಿಂದ ಹಿತ್ತಲತನಕ ಒಂದೇ. ಅದರ ಒಂದು ಗೋಡೆಯ ಗುಂಟ ಸೊಂಟದೆತ್ತರಕ್ಕೆ ಹಲಗೆ ಹೊಡೆದು, ಹೋಗುವುದಕ್ಕೊಂದು ಬರುವುದಕ್ಕೊಂದು ಹಳಿ ಹಾಕಿ, ಎರಡೂ ತುದಿಗಳಲ್ಲಿ ತಿರುವು ಕೂಡಿಸಿದ. ಅಂಗಳದ ಕಡೆ ಹಾವೇರಿ, ನಂತರ ಬ್ಯಾಡಗಿ, ನಡುವೆ ದೇವರಗುಡ್ಡ, ಹಿತ್ತಲ ಕಡೆಯ ಕೊನೆಯಲ್ಲಿ ರಾಣೆಬೆನ್ನೂರು. ನಾಲ್ಕಕ್ಕೂ ರಟ್ಟಿನ ಸ್ಟೇಶನ್ನು, ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರ. ದೇವರಗುಡ್ಡಕ್ಕೆ ಗೋಣಿತಟ್ಟು ಮತ್ತು ಸುಣ್ಣದಿಂದ ಒಂದು ಗುಡ್ಡವನ್ನೇ ಮಾಡಿದ್ದ. ಬ್ಯಾಡಗಿ ಸ್ಟೇಶನ್ನಿನ ಹಿಂದೆ ಇಟ್ಟಿದ್ದ ಚೀಲಗಳ ಒಟ್ಟಲನ್ನು ಹೊಲಿದವಳು ಅವ್ವ. ಪ್ರತಿ ಚೀಲದಲ್ಲೂ ನಿಜವಾದ ಮೆಣಸಿನಕಾಯಿಯ ಬೀಜ ತುಂಬಿದ್ದಳು.

ಆಗೆಲ್ಲ ಆ ಹಳಿಯ ಮೇಲೆ ಓಡುತ್ತಿದ್ದ ಎಂಜಿನ್ನುಗಳು ಪರದೇಶದವು. ಮುಂಬೈ ಅಂಗಡಿಯವನು ಹೊಸ ಮಾಲು ಬಂದಾಗ ಬಣ್ಣದ ಚಿತ್ರಗಳ ಹಾಳೆ ಕಳಿಸುತ್ತಿದ್ದ. ಅದು ಬಂದ ದಿನ ಅಪ್ಪ ಅಂಗಡಿಯಲ್ಲಿ ನಿಲ್ಲುತ್ತಿರಲಿಲ್ಲ. ಮನೆಗೆ ಬಂದು, ಕೈ ತೊಳೆದು, ಹಾಳೆಯನ್ನು ಹೊಸ್ತಿಲ ಬೆಳಕಿಗೆ ಹಿಡಿದು ಓದುತ್ತಿದ್ದ. ಈ ಸಲ ದೀಪ ಎರಡೂ ಕಡೆ ಹತ್ತುತ್ತದೆ. ಈ ಸಲ ಗಾಲಿ ಲೋಹದ್ದು. ಅದೇ ಎಂಜಿನ್ನನ್ನು ಈ ಸಲ ನೀಲಿಯಲ್ಲಿ ಬಿಟ್ಟಿದ್ದಾರೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, “ಬಣ್ಣಾ ಬ್ಯಾರೆ, ಎಂಜಿನ್ನು ಅದ ಅಲ್ಲೇನ್ರಿ?” ಅಂದಳು ಒಮ್ಮೆ. ಅಪ್ಪ, “ನಿನ್ನ ಟ್ರಂಕಿನ್ಯಾಗ ಇರೋ ಸೀರಿನೂ ಬಣ್ಣಾ ಬ್ಯಾರೆ. ಸೀರಿ ಅದ ಅಲ್ಲೇನು?” ಅಂದ. ಅವ್ವ ಸೋತು ನಕ್ಕಳು. ತರಿಸುತ್ತಿದ್ದದ್ದು ಮಾತ್ರ ಅಪರೂಪ. ಅವನ ಸುಖವೆಲ್ಲ ಕಾಯುವುದರಲ್ಲಿ ಇತ್ತೆಂದು ಈಗ ಅನ್ನಿಸುತ್ತದೆ. ಯಾವಾಗಲೂ ಒಂದು ಎಂಜಿನ್ನು ಎಲ್ಲೋ ದೂರದಲ್ಲಿ ತಯಾರಾಗುತ್ತಿತ್ತು, ಅದು ನಮ್ಮ ಮನೆಗೆ ಬರುವ ದಾರಿಯಲ್ಲಿತ್ತು. ಅಂಥದೊಂದು ದಾರಿಯಲ್ಲಿದೆ ಎಂದು ಗೊತ್ತಿರುವ ಮನುಷ್ಯ ಬೆಳಿಗ್ಗೆ ಎದ್ದು ಹಲ್ಲುಜ್ಜುವ ರೀತಿಯೇ ಬೇರೆ. ಅದನ್ನು ನಾನು ಆಮೇಲೆ ಯಾರಲ್ಲಿಯೂ ನೋಡಲಿಲ್ಲ.

ಕೆಂಪು ಗಾರ್ಡ್ ಡಬ್ಬಿ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಅಮೇರಿಕಾದ ಗೂಡ್ಸ್ ಗಾಡಿಗಳ ಕೊನೆಗೆ ಹತ್ತಿಸುವಂಥದು. ನೆತ್ತಿಯ ಮೇಲೆ ಕಿಟಕಿ ಇರುವ ಒಂದು ಸಣ್ಣ ಖೋಲಿ, ಹಿಂದೆ ಕಟಕಟೆ, ಒಳಗೆ ಅಕ್ಕಿಕಾಳಿನಷ್ಟು ದೀಪ. ಅಪ್ಪ ಪೆಟ್ಟಿಗೆ ಬಿಚ್ಚಿ, “ಇದಕ್ಕ ಅಲ್ಲೆ ಕಬೂಸ್ ಅಂತಾರ” ಅಂದ. ಕಿವಿ ಮಂದವಾಗಿದ್ದ ಆಯಿ, “ಕರಬೂಜ ಈಗೆಲ್ಲಿ ಸಿಕ್ತೋ ಚನ್ನೂ, ಹೆಚ್ಚಿ ಕೊಡು” ಅಂದಳು. ಎಲ್ಲರೂ ನಗುತ್ತಿರುವಾಗ ದೊಡ್ಡಪ್ಪ ಅಂಗಡಿಯಿಂದ ಬಂದ. ಅವನು ಈ ರೈಲನ್ನು ಹೊಗಳಿದವನೂ ಅಲ್ಲ, ಬೈದವನೂ ಅಲ್ಲ. ಟೋಪಿ ಗೂಟಕ್ಕೆ ಸಿಕ್ಕಿಸಿ ಹಲಗೆಯ ಮುಂದೆ ಬಾಗಿ ನೋಡಿದ.

“ಇದರಾಗ ಮನಿಷ್ಯಾ ಇರ್ತಾನೇನು?”

“ಇರ್ತಾನ ಅಣ್ಣಾ. ಗಾರ್ಡ್. ಎಲ್ಲಾರ ಹಿಂದ ಒಬ್ಬನ ಕುಂತಿರ್ತಾನ. ಮುಂದಿನ ಡಬ್ಬಿ ಎಲ್ಲಾ ಬರಾಕತ್ತಾವೋ ಇಲ್ಲೋ ನೋಡಿಕೋತ ಬರ್ತಾನ.”

“ಹಂಗಾರ ನಂದ ಕೆಲಸ ಅದು” ಅಂದು ದೊಡ್ಡಪ್ಪ ಕೈಕಾಲು ತೊಳೆಯಲು ಹೋದ. ಅಂದಿನಿಂದ ಹೊಸದು ಏನು ಬಂದರೂ ಅಪ್ಪ ಅದನ್ನು ಮೊದಲು ಓಡಿಸುವುದು ದೊಡ್ಡಪ್ಪ ಮನೆಗೆ ಬಂದ ಮೇಲೆಯೇ. ಯಾರೂ ಹಾಗೆಂದು ನಿಯಮ ಮಾಡಿರಲಿಲ್ಲ. ನಾವೂ ಕಾಯುತ್ತಿದ್ದೆವು. ಗಾಡಿ ಹೊರಟರೆ ದೊಡ್ಡಪ್ಪ ಕಂಬಕ್ಕೆ ಒರಗಿ, ಎಂಜಿನ್ನನ್ನು ಬಿಟ್ಟು, ಕೊನೆಯ ಡಬ್ಬಿ ಕಣ್ಣಿಗೆ ಕಾಣುವ ತನಕ ನೋಡಿ, “ಬಂತು” ಅನ್ನುತ್ತಿದ್ದ. ಅಷ್ಟೇ ಅವನ ಹೊಗಳಿಕೆ.

ಆಯಿ ತೀರಿಕೊಂಡ ಮೇಲೆ ಮನೆ ಒಡೆಯಿತು. ಊರ ಸುತ್ತ ಕೋಲ್ಡ್ ಸ್ಟೋರೇಜುಗಳು ಏಳುತ್ತಿದ್ದ ಕಾಲ. ದೊಡ್ಡಪ್ಪನಿಗೆ ತಾನೂ ಒಂದರಲ್ಲಿ ಪಾಲುಗಾರನಾಗಬೇಕೆಂಬ ಆಸೆ. ಅಪ್ಪನಿಗೆ ಅಂಗಡಿ ಇದ್ದಷ್ಟೇ ಸಾಕೆಂಬ ಅಂಜಿಕೆ. ಮಾತಿಗೆ ಮಾತು ಬೆಳೆದು ಒಂದು ದಿನ ದೊಡ್ಡಪ್ಪ, “ನಿನಗ ರೈಲ್ ಬಿಟ್ರ ಯಾವುದರ ಮ್ಯಾಲೂ ಲಕ್ಷ್ಯ ಇಲ್ಲ” ಅಂದ. ಅಪ್ಪ, “ನಿನಗ ಚೀಲಾ ಬಿಟ್ರ ಮನಿಷ್ಯಾರ ಕಾಣೂದಿಲ್ಲ” ಅಂದ. ಎರಡೂ ಮಾತು ಅಂಥ ದೊಡ್ಡವೇನಲ್ಲ. ಆದರೆ ಅಡುಗೆಮನೆಯಲ್ಲಿ ಅವ್ವ, ದೊಡ್ಡವ್ವ ಇಬ್ಬರೂ ಕೆಲಸ ನಿಲ್ಲಿಸಿದ್ದು ನನಗೆ ಕೇಳಿಸಿತು. ಹಿರಿಯರು ಬಂದು ಕೂತರು, ಮನೆ ಎರಡಾಯಿತು. ಅಂಗಳದ ಕಡೆಯ ಅರ್ಧ ನಮಗೆ, ಹಿತ್ತಲ ಕಡೆಯ ಅರ್ಧ ದೊಡ್ಡಪ್ಪನಿಗೆ. ಪಡಸಾಲೆಯ ನಡುವೆ ಗೋಡೆ. ಗೆರೆ ಹೊಡೆದು ನೋಡಿದರೆ ಅದು ಸರಿಯಾಗಿ ದೇವರಗುಡ್ಡದ ಮೇಲೆ ಬಂದಿತ್ತು. ಹಾವೇರಿ, ಬ್ಯಾಡಗಿ ನಮ್ಮಲ್ಲಿ ಉಳಿದವು. ರಾಣೆಬೆನ್ನೂರು ದೊಡ್ಡಪ್ಪನ ಪಾಲಿಗೆ ಹೋಯಿತು.

ಗೋಡೆ ಕಟ್ಟುವ ದಿನ ಗೌಂಡಿ ಬಂದು, “ಸಾವ್ಕಾರ್ರ, ಈ ಹಲಗಿ ತಗೀಬೇಕಾಗತೈತಿ” ಅಂದ. ಅಪ್ಪ ಸ್ಕ್ರೂಡ್ರೈವರ್ ತಂದು ದೇವರಗುಡ್ಡದ ಹಳಿ ಸಡಿಲಿಸತೊಡಗಿದ. ನಾನು ಮೊಳೆಗಳನ್ನು ಬಟ್ಟಲಲ್ಲಿ ಹಾಕಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ದೊಡ್ಡಪ್ಪ ಹಿತ್ತಲ ಬಾಗಿಲಿನಿಂದ ಬಂದು ನಿಂತ. ಅವರಿಬ್ಬರ ನಡುವೆ ಮಾತು ನಿಂತು ತಿಂಗಳುಗಳಾಗಿದ್ದವು.

“ಹಳಿ ಕೀಳಬ್ಯಾಡ ಅಂತ ಹೇಳು ಅಂವಗ” ಅಂದ ದೊಡ್ಡಪ್ಪ, ಗೌಂಡಿಗೆ. “ಮ್ಯಾಲೊಂದು ಕಲ್ಲು ಕುಂಡ್ರಿಸಿ ಅಲ್ಲೊಂದು ಕಿಂಡಿ ಬಿಡು. ಗಾಡಿ ಹಾಯೂವಷ್ಟು.”

“ಎಷ್ಟ ಎತ್ತರ ಬಿಡ್ಲಿರಿ?”

ಅದು ದೊಡ್ಡಪ್ಪನಿಗೆ ಗೊತ್ತಿರಲಿಲ್ಲ. ಅಪ್ಪ ತಲೆ ಎತ್ತದೆ, “ಒಂದ ಗೇಣು ಬಿಡಪಾ. ಕಬೂಸಿನ ಮ್ಯಾಗಳ ಖೋಲಿ ತಾಗಬಾರದು” ಅಂದ, ಅವನೂ ಗೌಂಡಿಗೇ.

“ಎರಡೂ ಹಳಿ ಹಾಯೂವಂಗ ಅಗಲ ಬಿಡು” ಅಂದ ದೊಡ್ಡಪ್ಪ.

ಗೌಂಡಿ ಅತ್ತ ನೋಡಿ ಇತ್ತ ನೋಡಿ, “ನೀವ ಒಬ್ಬರಿಗೊಬ್ಬರು ಹೇಳಿಕೊಳ್ರಿ ಸಾವ್ಕಾರ್ರ, ನನಗ ಕೆಲಸೈತಿ” ಅಂದ. ಯಾರೂ ನಗಲಿಲ್ಲ. ದೊಡ್ಡಪ್ಪ ಬಂದ ಬಾಗಿಲಿನಿಂದಲೇ ಹೋದ. ಸಂಜೆಯೊಳಗೆ ಗೋಡೆ ಎದೆಮಟ್ಟ ಎದ್ದಿತು, ಮರುದಿನ ಮಾಡಿಗೆ ಮುಟ್ಟಿತು. ನಮ್ಮ ಪಡಸಾಲೆಗೆ ಹಿತ್ತಲ ಕಡೆಯ ಬೆಳಕು ಬರುವುದು ನಿಂತಿತು, ಆ ಕಿಂಡಿಯಿಂದ ಬಂದಷ್ಟನ್ನು ಬಿಟ್ಟು.

ಆಮೇಲಿನ ವರ್ಷಗಳಲ್ಲಿ ಆ ಎರಡು ಮನೆಗಳ ನಡುವೆ ಓಡಾಡಿದ್ದು ಆ ಗಾಡಿಯೊಂದೇ. ಅಣ್ಣತಮ್ಮಂದಿರು ಪೇಟೆಯಲ್ಲಿ ಎದುರಾದರೆ ಒಬ್ಬ ಅಂಗಡಿಯ ಬೋರ್ಡು ಓದುತ್ತಿದ್ದ, ಇನ್ನೊಬ್ಬ ಚಪ್ಪಲಿ ನೋಡಿಕೊಳ್ಳುತ್ತಿದ್ದ. ಹೆಂಗಸರು ನೀರಿಗೆ ಹೋದಾಗ ನಳದ ಹತ್ತಿರ ಮಾತಾಡುತ್ತಿದ್ದರು. ದೊಡ್ಡವ್ವ ಒಮ್ಮೆ ಅವ್ವನಿಗೆ ಹೇಳಿದಳಂತೆ: “ಹಮಾಲರು ಚೀಲಾ ಒಟ್ಟಾಕ ಬಂದಾಗೊಮ್ಮೆ ಇವರು ನಿಂತು ಹೇಳ್ತಾರವ್ವ, ಆ ಹಲಗಿ ಮ್ಯಾಲ ಒಂದೂ ಇಡಬ್ಯಾಡ್ರಿ ಅಂತ.” ಸಂಜೆ ಅಪ್ಪ ಹಳಿಯ ಮೇಲಿನ ಕೆಂಪು ಧೂಳನ್ನು ಸ್ಪಿರಿಟ್ಟಿನ ಅರಿವೆಯಿಂದ ಒರೆಸುತ್ತಿದ್ದ, ಧೂಳು ಕೂತರೆ ಕರೆಂಟು ಹರಿಯುವುದಿಲ್ಲ, ಗಾಡಿ ನಿಲ್ಲುತ್ತದೆ. ಅವನ ಕೈ ಮುಟ್ಟುವುದು ಕಿಂಡಿಯತನಕ. ಅದರಾಚೆಯ ಹಳಿಯನ್ನು ಯಾರು ಒರೆಸುತ್ತಿದ್ದರೋ ನಮಗೆ ಗೊತ್ತಿರಲಿಲ್ಲ, ಆದರೆ ಗಾಡಿ ಅಲ್ಲಿ ನಿಲ್ಲುತ್ತಿರಲಿಲ್ಲ. ಕಿಂಡಿಯೊಳಗೆ ಹೊಕ್ಕು, ಆ ಕಡೆ ಸದ್ದು ಸಣ್ಣದಾಗಿ, ನಮಗೆ ಕಾಣದ ರಾಣೆಬೆನ್ನೂರನ್ನು ಸುತ್ತಿ ತಿರುಗಿ ಬರುತ್ತಿತ್ತು. ಕೆಲವೊಮ್ಮೆ ಬಾಯಿ ತೆರೆದ ವ್ಯಾಗನ್ನಿನಲ್ಲಿ ನನಗೆಂದು ಒಂದು ಚೂರು ಬೆಲ್ಲ ಇರುತ್ತಿತ್ತು. ಅದು ದೊಡ್ಡವ್ವನ ಕೆಲಸ. ಹೊಸ ಎಂಜಿನ್ನು ಬಂದ ದಿನ ಅಪ್ಪ ಈಗಲೂ ಕಾಯುತ್ತಿದ್ದ. ಆ ಕಡೆ ದೊಡ್ಡಪ್ಪ ಬಂದು ಕೈಕಾಲು ತೊಳೆಯುವ ಸದ್ದಾಗಬೇಕು, ನಂತರವೇ ಓಡಿಸುವುದು. “ಬಂತು” ಎಂಬ ಮಾತು ಮಾತ್ರ ಆಮೇಲೆ ಕೇಳಲಿಲ್ಲ.

ಹೀಗೆ ನಡೆದದ್ದು ಎಷ್ಟು ವರ್ಷ! ನೆನೆದರೆ ದಣಿವಾಗುತ್ತದೆ. ನಾನು ಬೆಳೆದೆ, ಹಾವೇರಿಯ ಶಾಲೆಯಲ್ಲಿ ಕಲಿಸುವ ಕೆಲಸಕ್ಕೆ ಸೇರಿದೆ, ರವಿವಾರ ಬ್ಯಾಡಗಿಗೆ ಹೋಗಿ ಬರುವವಳಾದೆ. ಅವ್ವ ತೀರಿಕೊಂಡಳು. ದೊಡ್ಡಪ್ಪ ಬಂದು ಅಂಗಳದಲ್ಲಿ ಕೂತು, ಮಣ್ಣಿಗೂ ಬಂದು, ಮಾತಾಡದೆ ಹೋದ. ಮುಂಬೈ ಅಂಗಡಿಯ ಹಾಳೆ ಬರುವುದು ನಿಂತು, ಹೊಸ ಎಂಜಿನ್ನುಗಳ ಸುದ್ದಿ ಅಪ್ಪನ ಮೊಬೈಲಿಗೆ ಬರತೊಡಗಿತು. ನಮ್ಮ ದೇಶದ ಡೀಸೆಲ್ ಎಂಜಿನ್ನುಗಳನ್ನೂ ಯಾರೋ ಸಣ್ಣದಾಗಿ ಮಾಡಿ ಬಿಟ್ಟಿದ್ದರು. ಅಪ್ಪ ಒಂದನ್ನು ತರಿಸಿದ. ಕೈ ನಡುಗುವುದರಿಂದ ಗಾಲಿಯನ್ನು ಹಳಿಗೆ ಕೂಡಿಸಲು ಅವನಿಗೆ ಬಹಳ ಹೊತ್ತು ಬೇಕಾಗುತ್ತಿತ್ತು. ನನಗೂ ಆಗ ಅದರಲ್ಲಿ ಆಸಕ್ತಿ ಉಳಿದಿರಲಿಲ್ಲ. ವಾರವೆಲ್ಲ ದುಡಿದು ಬಂದು, ಅವನು ಹೇಳುವುದಕ್ಕೆ ಹೂಂ ಅನ್ನುತ್ತ ಬಟ್ಟೆ ಮಡಿಸುತ್ತಿದ್ದೆ.

ಹೀಗಿರುವಾಗ ಒಂದು ಮಳೆಗಾಲದಲ್ಲಿ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು, ನಾಲಗೆಯೂ ಅರ್ಧ ಹೋಯಿತು. ಅಪ್ಪ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿ ಬಂಧುಗಳ ಹಿಂದೆ ನಿಂತು ನೋಡಿ ಬಂದ. ಮನೆಗೆ ಕರೆತಂದ ಮೇಲೆ ಹೋಗಲಿಲ್ಲ. ಗೋಡೆ ಎದ್ದಂದಿನಿಂದ ಆ ಹೊಸ್ತಿಲನ್ನು ತುಳಿದಿರಲಿಲ್ಲ, ಈಗ ಹೇಗೆ ತುಳಿಯುವುದೆಂದು ಅವನಿಗೆ ತಿಳಿಯಲಿಲ್ಲ, ಅಷ್ಟೇ. ದೊಡ್ಡವ್ವ ಗಂಡನ ಮಂಚವನ್ನು ಆ ಕಡೆಯ ಪಡಸಾಲೆಯಲ್ಲಿ, ಹಲಗೆಯ ಮಗ್ಗುಲಿಗೆ ಹಾಕಿಸಿದ್ದಾಳೆಂದು ನಾನು ಹೋಗಿ ನೋಡಿ ಬಂದು ಹೇಳಿದೆ. ಅಂದಿನಿಂದ ದಿನಕ್ಕೊಮ್ಮೆ ಓಡುತ್ತಿದ್ದ ಗಾಡಿ ಮುಂಜಾನೆಯೂ ಓಡತೊಡಗಿತು, ಮಧ್ಯಾಹ್ನವೂ ಓಡತೊಡಗಿತು. ಅಪ್ಪ ಇದ್ದ ಎಂಜಿನ್ನುಗಳನ್ನೆಲ್ಲ ಒಂದೊಂದಾಗಿ ಹೊರತೆಗೆದ. ಒಂದನ್ನು ಓಡಿಸಿ, ಪೆಟ್ಟಿಗೆಗೆ ಹಾಕಿ, ಇನ್ನೊಂದನ್ನು ಕಳಿಸುತ್ತಿದ್ದ. ಕೊನೆಗೆ ಮಾತ್ರ ಯಾವಾಗಲೂ ಆ ಕೆಂಪು ಡಬ್ಬಿ, ಒಳಗೆ ದೀಪ ಹತ್ತಿಸಿಕೊಂಡು.

ಒಂದು ರವಿವಾರ ನಾನು ಅಲ್ಲೇ ಕೂತು ಕಾಳು ಆರಿಸುತ್ತಿದ್ದೆ. ಗಾಡಿ ಕಿಂಡಿಯಲ್ಲಿ ಹೋಯಿತು, ಬಂತು. ಎಂಜಿನ್ನು, ವ್ಯಾಗನ್ನುಗಳು ಎಲ್ಲ ಬಂದವು. ಗಾರ್ಡ್ ಡಬ್ಬಿ ಬರಲಿಲ್ಲ. ಕೊಂಡಿ ಕಳಚಿರಬೇಕೆಂದು ಅಪ್ಪ ಸುಮ್ಮನೆ ಕಾದ. ಮೊದಲೆಲ್ಲ ಹಾಗಾದರೆ ದೊಡ್ಡವ್ವ ಬೆರಳಿನಿಂದ ನೂಕಿ ಕಿಂಡಿಗೆ ತಂದಿಡುತ್ತಿದ್ದಳು. ಯಾರೂ ತಂದಿಡಲಿಲ್ಲ. ಅಪ್ಪ ಬಾಗಿ ಕಿಂಡಿಯೊಳಗೆ ನೋಡಿದ, ಹಳಿ ಖಾಲಿ ಇತ್ತು. ಬಹಳ ಹೊತ್ತು ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು ನಿಂತು, ಆಮೇಲೆ ಅಂಗಿ ಹಾಕಿಕೊಂಡು, “ಬಾರವ್ವ, ನೋಡಿ ಬರೂಣು” ಅಂದ. ಬೀದಿ ಸುತ್ತಿ, ಹಿಂದಿನ ಓಣಿಗೆ ಹೋಗಿ, ದೊಡ್ಡಪ್ಪನ ಬಾಗಿಲಿಗೆ ಬಂದೆವು. ಅಪ್ಪ ಚಪ್ಪಲಿ ಬಿಡುವಾಗ ಗೋಡೆ ಹಿಡಿದುಕೊಂಡ.

ದೊಡ್ಡಪ್ಪ ದಿಂಬಿಗೆ ಒರಗಿ ಕೂತಿದ್ದ. ಎಡಗೈ ಎದೆಯ ಮೇಲೆ ಇತ್ತು, ಮುಷ್ಟಿಯೊಳಗೆ ಕೆಂಪು ಡಬ್ಬಿ.

“ಗಾಡಿ ಬಂದಕೂಡ್ಲೆ ತಕ್ಕೊಂಡ್ರು ನೋಡಪಾ” ಅಂದಳು ದೊಡ್ಡವ್ವ. “ಕೊಡ್ರಿ ಅಂದ್ರ ಬಿಡವಲ್ರು.”

“ಅಣ್ಣಾ” ಅಂದ ಅಪ್ಪ. ಆ ಶಬ್ದವನ್ನು ಅವನ ಬಾಯಲ್ಲಿ ನಾನು ಹುಡುಗಿಯಾಗಿದ್ದಾಗ ಕೇಳಿದ್ದು. “ಅಣ್ಣಾ, ಡಬ್ಬಿ ಕೊಡು. ಗಾಡಿ ನಿಂತೈತಿ.”

ದೊಡ್ಡಪ್ಪ ತಲೆ ಅಲ್ಲಾಡಿಸಿದ. ಒಂದು ಕಡೆ ಜಗ್ಗಿದ ಬಾಯಿಯಿಂದ ಏನೋ ಹೇಳಿದ. ಅಪ್ಪನಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಮತ್ತೆ ಹೇಳಿದ. ದೊಡ್ಡವ್ವ ಸೆರಗಿನಿಂದ ಅವನ ಬಾಯಿ ಒರೆಸಿ, “ಕುಂದ್ರು ಅನ್ನಾಕತ್ತಾರ” ಅಂದಳು.

ಅಪ್ಪ ಮಂಚದ ಅಂಚಿಗೆ ಕೂತ. ದೊಡ್ಡವ್ವ ಚಹಾ ಮಾಡಿದಳು. ಅಪ್ಪ ಅಣ್ಣನಿಗೆ ಬಸಿಯಲ್ಲಿ ಹಾಕಿ ಆರಿಸಿ ಕುಡಿಸಿದ, ಅರ್ಧ ಅಂಗಿಯ ಮೇಲೆ ಚೆಲ್ಲಿತು. ಹಳೆಯ ಮಾತು ಯಾರೂ ತೆಗೆಯಲಿಲ್ಲ. ಮಳೆ, ಕಾಯಿಯ ಧಾರಣೆ, ಅಗಡಿಯ ಯಾರದೋ ಮದುವೆ, ಇಂಥವನ್ನು ಅಪ್ಪ ಹೇಳುತ್ತಿದ್ದ, ದೊಡ್ಡಪ್ಪ ಹೂಂಗುಟ್ಟುತ್ತಿದ್ದ. ಎದ್ದು ಹೊರಡುವಾಗ ಅಪ್ಪ ಕೈ ಚಾಚಿದ. ದೊಡ್ಡಪ್ಪ ಡಬ್ಬಿ ಕೊಡಲಿಲ್ಲ. ಆದ್ದರಿಂದ ಅಪ್ಪ ಮರುದಿನವೂ ಹೋಗಬೇಕಾಯಿತು, ಅದರ ಮರುದಿನವೂ. ಗಾಡಿ ಗಾರ್ಡಿಲ್ಲದೆಯೇ ಓಡಿತು. ಆ ಒಂದು ಚಳಿಗಾಲ ಮಾತ್ರ ಅವರಿಗೆ ಸಿಕ್ಕಿತು. ಯುಗಾದಿಗಿಂತ ಮೊದಲೇ ದೊಡ್ಡಪ್ಪ ಹೋದ. ದಿನಕರ್ಮವೆಲ್ಲ ಮುಗಿದ ಮೇಲೆ ದೊಡ್ಡವ್ವ ಡಬ್ಬಿಯನ್ನು ಒರೆಸಿ ತಂದುಕೊಟ್ಟಾಗ ಅಪ್ಪ, “ಅದು ಅಲ್ಲೇ ಇರಲಿ ವೈನಿ” ಅಂದ.

ಆಮೇಲೆ ಆಗಬೇಕಾದದ್ದೆಲ್ಲ ಆಯಿತು. ದೊಡ್ಡವ್ವ ತನ್ನ ತಮ್ಮನ ಮನೆಗೆ ಕಾಗಿನೆಲೆಗೆ ಹೋದಳು. ಅಪ್ಪನನ್ನು ನಾನು ಇಲ್ಲಿಗೆ ಕರೆತಂದೆ. ಮನೆಯ ಎರಡೂ ಅರ್ಧಗಳನ್ನು ಒಬ್ಬನೇ ವ್ಯಾಪಾರಿ ಕೊಂಡ. ಆ ಜಾಗದಲ್ಲಿ ಈಗ ಮಳಿಗೆಗಳಿವೆ, ಒಂದರಲ್ಲಿ ಮೊಬೈಲು ರಿಪೇರಿ ಮಾಡುತ್ತಾರೆ. ಹೋದ ತಿಂಗಳು ಅಲ್ಲಿ ನಿಂತು ಪಡಸಾಲೆ ಎಲ್ಲಿತ್ತೆಂದು ಅಂದಾಜು ಮಾಡಲು ನೋಡಿದೆ, ಆಗಲಿಲ್ಲ. ಬಸ್ಸು ಬಂತು, ಹತ್ತಿದೆ.

ಎಂಜಿನ್ನುಗಳು ನನ್ನ ಅಲಮಾರಿಯ ಕೆಳಗಿನ ಖಾನೆಯಲ್ಲಿ ಪೆಟ್ಟಿಗೆಗಳಲ್ಲೇ ಇವೆ. ಈ ಮನೆಯಲ್ಲಿ ಹಲಗೆ ಹೊಡೆಯುವಷ್ಟು ಜಾಗವಿಲ್ಲ, ಅಪ್ಪನೂ ಕೇಳಿಲ್ಲ. ಮೊನ್ನೆ ಸಂಜೆ ಕಿಟಕಿಯ ಹತ್ತಿರ ಕೂತವನು ಕರೆದ. ಈಗ ನಮ್ಮ ಊರ ರೈಲುಹಳಿಯ ಮೇಲೆಯೂ ತಂತಿ ಎಳೆದಿದ್ದಾರಲ್ಲ, ಅಂಥ ಕರೆಂಟಿನ ಎಂಜಿನ್ನನ್ನು ಸಣ್ಣದಾಗಿ ಮಾಡಿ ಬಿಟ್ಟಿದ್ದಾರಂತೆ. “ಹೊಸಾದು ಬಂದೈತಿ ನೋಡವ್ವ. ತಂತಿಗೆ ತಾಗೂ ಕೊಂಡಿ ಸೈತ ಏಳತೈತಂತ, ಇಳೀತೈತಂತ” ಅಂದ. ಅವನ ದನಿ ಒಂದು ಗಳಿಗೆ ಹಳೆಯ ದನಿಯಾಗಿತ್ತು.

“ತರಿಸೂಣೇನಪ್ಪಾ?” ಅಂದೆ.

“ಬ್ಯಾಡ ಬಿಡು” ಅಂದ. “ಯಾರಿಗೆ ತೋರಿಸೂದು?”

ನನಗೆ ತೋರಿಸು ಅನ್ನಬೇಕೆಂದು ಬಾಯಿಗೆ ಬಂತು. ಅನ್ನಲಿಲ್ಲ. ಅವನು ಕೇಳಿದ್ದು ಅದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅಪ್ಪ ಮೊಬೈಲನ್ನು ಮಗ್ಗುಲಿಗಿಟ್ಟು, ಕನ್ನಡಕ ತೆಗೆದು, ಕಣ್ಣು ತಿಕ್ಕಿಕೊಂಡ. ನಾನು ದೀಪ ಹಾಕಿ ಒಳಗೆ ಹೋದೆ. ಅನ್ನಕ್ಕಿಟ್ಟು ತಿರುಗಿ ನೋಡಿದಾಗ ಅವನು ಕನ್ನಡಕವನ್ನು ಮತ್ತೆ ಏರಿಸಿಕೊಂಡಿದ್ದ. ಆ ಎಂಜಿನ್ನಿನ ಚಿತ್ರವನ್ನು ನಡುಗುವ ಎರಡು ಬೆರಳುಗಳಿಂದ ಹಿಗ್ಗಿಸಿ, ಮೋರೆಯ ಹತ್ತಿರ ಹಿಡಿದು, ಅದರ ಗಾಲಿಗಳನ್ನು ಒಂದೊಂದಾಗಿ ನೋಡುತ್ತಿದ್ದ.